ಕೂತು ಸವೆದ ಕಲ್ಲು

ಗುಡ್ಡಕ್ಕೆ ನಾನೂರ ಹನ್ನೆರಡು ಮೆಟ್ಟಿಲು. ಎಣಿಸಿದ್ದೇವೆ ಎಂದು ಎದೆ ತಟ್ಟಿ ಹೇಳುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬರ ಲೆಕ್ಕ ನಾನೂರೈದು, ಇನ್ನೊಬ್ಬರದು ನಾನೂರಿಪ್ಪತ್ತು. ಏದುಸಿರು ಬಿಡುತ್ತಾ ಎಣಿಸಿದ ಲೆಕ್ಕಕ್ಕೆ ಅಷ್ಟೇ ಮರ್ಯಾದೆ. ಮೆಟ್ಟಿಲಪ್ಪ ಹೇಳಿದರೆ ಮಾತ್ರ ಮಾತು ಮುಗಿಯಿತು, ಯಾಕೆಂದರೆ ಅವುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಕೂರಿಸಿದವನು ಅವನೇ. ಉಳಿದವನ್ನು ಒಂದಲ್ಲ ಒಂದು ಸಲ ಎಬ್ಬಿಸಿ ಮತ್ತೆ ಕೂರಿಸಿದವನೂ ಅವನೇ.

ಅವನಿಗೂ ಅಪ್ಪ ಅಮ್ಮ ಇಟ್ಟ ಒಂದು ಹೆಸರಿತ್ತು. ಆದರೆ ಅದು ಕಚೇರಿಯ ಹಾಜರಿ ಪುಸ್ತಕ ಬಿಟ್ಟು ಆಚೆ ಬಂದದ್ದನ್ನು ಯಾರೂ ಕಂಡಿಲ್ಲ. ಗುಡ್ಡ, ಗುಡ್ಡದ ಹಿಂದಿನ ಕೆರೆ, ನಡುವಿನ ಕಾಡು ಎಲ್ಲ ಸರ್ಕಾರದ ಜಾಗ. ಅಂದರೆ ಎಲ್ಲರದೂ ಹೌದು, ಯಾರದೂ ಅಲ್ಲ. ಅದನ್ನು ನೋಡಿಕೊಳ್ಳಲು ಎರಡು ಕೋಣೆಯ ಒಂದು ಕಚೇರಿ, ಕಚೇರಿಗೆ ಒಬ್ಬರು ಸಾಹೇಬರು, ಒಬ್ಬಳು ಗುಮಾಸ್ತೆ. ಅವರಿಬ್ಬರೂ ಕಾಗದ ನೋಡಿಕೊಂಡರೆ, ಗುಡ್ಡವನ್ನು ಮೂವತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವನು ಮೆಟ್ಟಿಲಪ್ಪ.

ಬೆಳಿಗ್ಗೆ ಆರಕ್ಕೆ ಅವನು ಕಬ್ಬಿಣದ ಮೊನೆಯ ಕೋಲು ಹಿಡಿದು ಹತ್ತಲು ಶುರುಮಾಡುತ್ತಿದ್ದ. ಪ್ರತಿ ಮೆಟ್ಟಿಲಿಗೂ ಒಂದು ಏಟು. ಟಣ್ ಎಂದರೆ ಕಲ್ಲು ಕೆಳಗೆ ಗಟ್ಟಿಯಾಗಿ ಕೂತಿದೆ ಎಂದರ್ಥ, ಮುಂದೆ ಹೋಗಬಹುದು. ಡಬ್ ಎಂದರೆ ಅಡಿಯ ಮಣ್ಣು ಜಾರಿ ಟೊಳ್ಳಾಗಿದೆ. ಆಗ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹಾರೆ ಹಾಕಿ ಎಬ್ಬಿಸಿ, ಜಲ್ಲಿ ತುಂಬಿ, ರಸಮಟ್ಟ ಇಟ್ಟು ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಕೂರಿಸಬೇಕು. ಕೂರಿಸಿದ ಮೇಲೆ ಮತ್ತೊಂದು ಏಟು. ಟಣ್ ಎನ್ನುವವರೆಗೆ ಅವನ ಬಾಯಿಂದ ಮಾತು ಬರುತ್ತಿರಲಿಲ್ಲ. ಟಣ್ ಎಂದ ಮೇಲೆ ಅವನ ಬಾಯಿ ಮುಚ್ಚಿಸುವುದೂ ಕಷ್ಟವಿತ್ತು.

ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವನ ಬದಲಿಗೆ ಅವನ ಅಕ್ಕ ಉತ್ತರ ಕೊಡುತ್ತಿದ್ದಳು. “ಯಾಕೆ ಆಗಿಲ್ಲ? ನಾನೂರ ಹನ್ನೆರಡು ಜನರ ಜೊತೆ ಆಗಿದೆ. ಒಬ್ಬಳೂ ಅಡುಗೆ ಮಾಡಲ್ಲ, ಅದಕ್ಕೇ ನನ್ನ ಮನೇಲಿ ಬಿದ್ದಿದಾನೆ.”

ಮನೆ ಎಂದರೆ ಇಸ್ತ್ರಿ ಅಂಗಡಿಯ ಹಿಂದಿನ ಮೂರು ಕೋಣೆ. ಅಂಗಡಿ ಅಕ್ಕನದು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಲು ಮೂವತ್ತು ವರ್ಷ ಆ ಕಾದ ಪೆಟ್ಟಿಗೆಯ ಮುಂದೆ ನಿಂತೇ ಇದ್ದಳು. ಮಗಳು ಓದಿದಳು, ಮಾಮ ಕೆಲಸ ಮಾಡುವ ಆ ಎರಡು ಕೋಣೆಯ ಕಚೇರಿಗೇ ಗುಮಾಸ್ತೆಯಾಗಿ ಬಂದಳು. ಅಷ್ಟರಲ್ಲಿ ಅಕ್ಕನ ಮಂಡಿಗಳು ಕೈಕೊಟ್ಟವು. ಊರಿನ ಅಂಗಿಗಳ ಸುಕ್ಕೆಲ್ಲ ಬಿಡಿಸಿದವಳಿಗೆ ತನ್ನ ಕಾಲು ನೆಟ್ಟಗೆ ಮಾಡಲು ಆಗದ ಹಾಗಾಯಿತು.

ಅಕ್ಕ ಅವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅವನನ್ನು ಮೊದಲ ಸಲ ಗುಡ್ಡ ಹತ್ತಿಸಿದವಳು ಅವಳೇ. ಅದು ಅಮ್ಮ ತೀರಿಕೊಂಡ ವಾರ. ಮನೆ ತುಂಬ ಜನ, ನಾಲ್ಕು ವರ್ಷದ ಹುಡುಗನ ಕಡೆ ನೋಡುವವರು ಯಾರೂ ಇರಲಿಲ್ಲ. ಹದಿನಾರರ ಹುಡುಗಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಮನೆಯಿಂದ ಹೊರಟುಬಿಟ್ಟಳು. ಆಗ ಮೆಟ್ಟಿಲುಗಳಿರಲಿಲ್ಲ, ಮೇಕೆ ತಿರುಗುವ ಕಾಲುದಾರಿಯಷ್ಟೇ ಇತ್ತು. ಅವನು ಅಳುತ್ತಿದ್ದ, ಅವಳು “ಬಂದೇ ಬಿಡ್ತು ಕಣೋ, ಬಂದೇ ಬಿಡ್ತು” ಎನ್ನುತ್ತಾ ನೂರು ಸಲ ಸುಳ್ಳು ಹೇಳುತ್ತಾ ಮೇಲಿನ ಬಂಡೆಯವರೆಗೆ ಹೊತ್ತಳು. ಅಲ್ಲಿ ಗಾಳಿ ಬೀಸುತ್ತಿತ್ತು. ಹಿಂದಿನ ಕೆರೆ ಪೂರ್ತಿ ಕಾಣುತ್ತಿತ್ತು. ಇಬ್ಬರೂ ಸಂಜೆಯವರೆಗೆ ಕೂತಿದ್ದರು. ಅವಳು ಅತ್ತದ್ದೂ ಅಲ್ಲೇ, ಮನೆಯಲ್ಲಿ ಅಲ್ಲ.

ಆಮೇಲೆ ಎಷ್ಟೋ ವರ್ಷ ಅಂಗಡಿಗೆ ರಜೆ ಇದ್ದ ದಿನವೆಲ್ಲ ಅಕ್ಕ ಬಂಡೆಯ ಮೇಲಿರುತ್ತಿದ್ದಳು. ಮಂಡಿ ಹೋದ ಮೇಲೆ ಅದು ನಿಂತಿತು. ಹನ್ನೊಂದು ವರ್ಷದಿಂದ ಅವಳು ತಮ್ಮನ ಊಟದ ಡಬ್ಬಿ ಹಿಡಿದು, ಕೋಲೂರಿಕೊಂಡು ಗುಡ್ಡದ ಬುಡದವರೆಗೆ ಬರುತ್ತಿದ್ದಳು, ಮೊದಲನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಅಷ್ಟೇ. ಅವಳೊಬ್ಬಳೇ ಅಲ್ಲ. ಎದೆಗೆ ಆಪರೇಷನ್ ಆದ ನಿವೃತ್ತ ಬಸ್ ಡ್ರೈವರ್ ಬರುತ್ತಿದ್ದ. ಅವಳಿ ಮಕ್ಕಳನ್ನು ಗಾಡಿಯಲ್ಲಿ ತಳ್ಳಿಕೊಂಡು ಒಬ್ಬ ತಾಯಿ ಬರುತ್ತಿದ್ದಳು. ಕಣ್ಣು ಮಂಜಾದ ಟೈಲರ್ ಬರುತ್ತಿದ್ದ. ಎಲ್ಲರೂ ಗುಡ್ಡಕ್ಕೆಂದೇ ಬಂದವರು, ಎಲ್ಲರೂ ಆ ಒಂದೇ ಮೆಟ್ಟಿಲಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಹತ್ತಿ ಹೋಗುವವರನ್ನು ನೋಡುವವರು. ಮೆಟ್ಟಿಲಪ್ಪ ಅವರಿಗೆ ‘ಕೆಳಗಿನ ಪಾರ್ಟಿ’ ಎಂದು ಹೆಸರಿಟ್ಟಿದ್ದ.

ಆ ಮೊದಲ ಮೆಟ್ಟಿಲು ಕೂತೂ ಕೂತೂ ಅಂಚಿನುದ್ದಕ್ಕೂ ಸವೆದು ಹಳ್ಳವಾಗಿತ್ತು. ಕಸುಬಿನವನ ಕಣ್ಣಿಗೆ ಅದು ದಿನಾ ಚುಚ್ಚುತ್ತಿತ್ತು. ಒಂದು ಸಲ ಬದಲಾಯಿಸಲು ಹಾರೆ ತಂದಾಗ ಅಕ್ಕ ಅದರ ಮೇಲಿಂದ ಏಳಲೇ ಇಲ್ಲ.

“ಇದು ನನ್ನ ಅಳತೆಗೆ ಆಗಿದೆ. ಮುಟ್ಟಿದ್ರೆ ನೋಡು.”

“ಅಕ್ಕ, ನೋಡಿದವರು ನನಗೆ ಕೆಲಸ ಬರಲ್ಲ ಅಂತಾರೆ.”

“ಅನ್ನಲಿ. ಮೇಲೆ ಕೂರೋಕೆ ನನ್ನ ಹಣೇಲಿ ಬರೆದಿಲ್ಲ. ಕೆಳಗಾದ್ರೂ ನೆಮ್ಮದಿಯಾಗಿ ಕೂರ್ತೀನಿ.”

ಆ ಮಾತು ಅವನ ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತುಬಿಟ್ಟಿತು. ಇನ್ನೆರಡು ವರ್ಷಕ್ಕೆ ಅವನಿಗೆ ನಿವೃತ್ತಿ. ಅಷ್ಟರೊಳಗೆ ಅಕ್ಕನನ್ನು ಒಂದು ಸಲ ಬಂಡೆಯ ಮೇಲೆ ಕೂರಿಸಬೇಕು. ಹೊತ್ತುಕೊಂಡು ಹೋಗೋಣವೆಂದರೆ ಅವಳು ಒಪ್ಪುವವಳಲ್ಲ. “ನಾನೇನು ಸಿಮೆಂಟ್ ಮೂಟೇನಾ?” ಎಂದು ಒಂದೇ ಮಾತಿಗೆ ಮುಗಿಸಿದ್ದಳು.

ಹೀಗಿರುವಾಗ ಸರ್ಕಾರದಿಂದ ಒಂದು ಸುತ್ತೋಲೆ ಬಂತು. ಸಾರ್ವಜನಿಕ ಜಾಗಗಳಲ್ಲಿ ಜನ ನಡೆಯಲು, ಹತ್ತಲು, ಕೂತು ಗಾಳಿ ತೆಗೆದುಕೊಳ್ಳಲು ಅನುಕೂಲ ಮಾಡುವುದಕ್ಕೆ ಅನುದಾನ ಕೊಡುತ್ತಾರಂತೆ. ಅರ್ಜಿ ಹಾಕಬೇಕು, ಅಂಕ ಬರಬೇಕು. ಸಾಹೇಬರು ಅದನ್ನು ಓದಿ, ನಿಟ್ಟುಸಿರು ಬಿಟ್ಟು, ಗುಮಾಸ್ತೆಯ ಮೇಜಿಗೆ ದಾಟಿಸಿದರು. ಕಷ್ಟದ ಕಾಗದಗಳನ್ನು ಪಕ್ಕದ ಮೇಜಿಗೆ ದಾಟಿಸುವುದರಲ್ಲಿ ಅವರದು ಪಳಗಿದ ಕೈ.

ಅಕ್ಕನ ಮಗಳು ಅದನ್ನು ಮನೆಗೆ ತಂದಳು. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಳು. ಮಾಮನಿಗೆ ಅವಳು ಇಂದಿಗೂ ಪುಟ್ಟಿ. ಆದರೆ ಪುಟ್ಟಿ ಪೆನ್ನು ಕಿವಿಗೆ ಸಿಕ್ಕಿಸಿಕೊಂಡರೆ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ.

“ಮಾಮ, ಮೆಟ್ಟಿಲ ಬುಡದಿಂದಲೇ ಹೊರಟು, ಗುಡ್ಡದ ಹಿಂದಿನಿಂದ ಇಳಿಜಾರಾಗಿ ಒಂದು ಸುತ್ತುದಾರಿ ಮಾಡಬಹುದಾ? ಮೆಟ್ಟಿಲೇ ಇಲ್ಲದೆ? ಗಾಲಿ ಉರುಳೋ ಹಾಗೆ?”

ಅವನು ಕೂತಲ್ಲೇ ನೆಟ್ಟಗಾದ. “ಮಾಡಬಹುದಾ ಅಂದ್ರೆ? ಆ ದಾರಿ ನನ್ನ ಕಣ್ಣಲ್ಲಿ ಎಂಟು ವರ್ಷದಿಂದ ಇದೆ. ಮೂರು ತಿರುವು. ಎರಡನೇ ತಿರುವಿನ ಹತ್ರ ಒಂದು ದೊಡ್ಡ ಮರ ಬರುತ್ತೆ, ಅದನ್ನ ಕಡಿಯೋ ಹಾಗಿಲ್ಲ, ಬಳಸಿಕೊಂಡು ಹೋಗಬೇಕು.”

ಅರ್ಜಿಯಲ್ಲಿ ನೂರು ಅಂಕ. ‘ಅಗತ್ಯ’ ಎಂಬ ಒಂದು ಕಲಮಿಗೇ ನಲವತ್ತು. ಪುಟ್ಟಿ ಜಾಣೆ. ಆ ವರ್ಷದ ದೊಡ್ಡ ಮಳೆಗೆ ಇಪ್ಪತ್ತಮೂರು ಮೆಟ್ಟಿಲು ಕಿತ್ತು ಬಂದಿದ್ದವು, ಚರಂಡಿ ಕುಸಿದಿತ್ತು. ‘ಇರುವ ಮೆಟ್ಟಿಲುಗಳು ಅಪಾಯಕಾರಿ, ಆದ್ದರಿಂದ ಹೊಸ ಸುತ್ತುದಾರಿ ಅತ್ಯಗತ್ಯ’ ಎಂದು ಅವಳು ಇಡೀ ಅರ್ಜಿಯನ್ನು ಆ ಇಪ್ಪತ್ತಮೂರು ಕಲ್ಲುಗಳ ಮೇಲೆ ಕಟ್ಟಿದಳು. ಮೂವತ್ತೆಂಟು ಪುಟ. ಜೊತೆಗೆ ಹನ್ನೊಂದು ಫೋಟೋ, ಒಂದಕ್ಕಿಂತ ಒಂದು ಭೀಕರ.

“ಫೋಟೋ ತೆಗೆಯೋವರೆಗೆ ಒಂದು ಕಲ್ಲೂ ಮುಟ್ಟಬಾರದು ಮಾಮ,” ಎಂದು ಅವಳು ಅಪ್ಪಣೆ ಮಾಡಿದ್ದಳು. ಬಿಸಿಲು ಸರಿಯಿಲ್ಲ, ಕ್ಯಾಮೆರಾ ಸಿಗಲಿಲ್ಲ, ಸಾಹೇಬರು ರಜೆ ಎಂದು ಫೋಟೋ ತೆಗೆಯಲು ಐದು ವಾರ ಹಿಡಿಯಿತು. ಆ ಐದು ವಾರ ಮೆಟ್ಟಿಲಪ್ಪ ಪಟ್ಟ ಪಾಡು ಅಷ್ಟಿಷ್ಟಲ್ಲ. ದಾರಿಗೆ ಹಗ್ಗ ಕಟ್ಟಿ, ಪಕ್ಕದಿಂದ ಜನರನ್ನು ಕೈಹಿಡಿದು ದಾಟಿಸುತ್ತಿದ್ದ. ಮುರಿದ ಮೆಟ್ಟಿಲ ಮುಂದೆ ನಿಂತು ಹಾರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಿದ್ದ. ಊಟ ಸೇರುತ್ತಿರಲಿಲ್ಲ. ಕೊನೆಗೂ ಫೋಟೋ ತೆಗೆದದ್ದಾಯಿತು, ಅರ್ಜಿ ಹೋಯಿತು. ಅವನ ಪಾಲಿಗೆ ವ್ರತ ಮುಗಿಯಿತು.

ಮುಂದೆ ಆದದ್ದಕ್ಕೆ ಯಾರನ್ನು ಬೈಯುವುದೋ ನನಗೂ ತಿಳಿಯದು. ಅರ್ಜಿ ಹೋದ ಬೆನ್ನಿಗೇ, ಸ್ಥಳ ಪರಿಶೀಲನೆಗೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿ ಬರುತ್ತಾರೆ ಎಂದು ಕಾಗದ ಬಂತು. ಪುಟ್ಟಿ ಆ ಸುದ್ದಿಯನ್ನು ಮಾಮನಿಗೆ ಹೇಳಿ, ನಾಲ್ಕು ದಿನದ ಕಂಪ್ಯೂಟರ್ ತರಬೇತಿಗೆಂದು ಬೇರೆ ಊರಿಗೆ ಹೋದಳು. ದೂರದಿಂದ ದೊಡ್ಡವರು ಯಾರೋ ಬರುತ್ತಾರೆ, ಗುಡ್ಡ ನೋಡಲಿಕ್ಕೆಂದೇ ಬರುತ್ತಾರೆ. ಮನೆಗೆ ನೆಂಟರು ಬರುವಾಗ ಕಸ ಗುಡಿಸದೆ ಕೂರುವವರು ಯಾರಾದರೂ ಇದ್ದಾರೆಯೇ? ಮೆಟ್ಟಿಲಪ್ಪ ಆ ನಾಲ್ಕು ದಿನ ಹೊತ್ತು ಹುಟ್ಟುವ ಮೊದಲು ಹೋಗಿ ಹೊತ್ತು ಮುಳುಗಿದ ಮೇಲೆ ಬಂದ. ಕೈ ಬೊಬ್ಬೆ ಬಂತು. ಇಪ್ಪತ್ತಮೂರೂ ಮೆಟ್ಟಿಲು ಎದ್ದು ಕೂತವು. ಚರಂಡಿ ನೆಟ್ಟಗಾಯಿತು. ಅಂಚಿನ ಹುಲ್ಲನ್ನೂ ಕತ್ತರಿಸಿದ. ಅವನ ಮೂವತ್ತೆರಡು ವರ್ಷದಲ್ಲಿ ಗುಡ್ಡ ಅಷ್ಟು ಚೆಂದ ಕಂಡದ್ದೇ ಇಲ್ಲ.

ಬುಧವಾರ ಸಂಜೆ ಪುಟ್ಟಿ ಬಂದು ಚಪ್ಪಲಿ ಬಿಡುವ ಮೊದಲೇ ಅವನು ಸುದ್ದಿ ಹೇಳಿದ. ಹೊಗಳಿಕೆಗೆ ಕಾದು ನಿಂತ.

ಅವಳು ಚೀಲವನ್ನು ಕೆಳಗಿಟ್ಟಳು. “ಎಲ್ಲಾನಾ?”

“ಎಲ್ಲಾನೂ. ಏಳನೇ ಫೋಟೋದಲ್ಲಿ ಇತ್ತಲ್ಲ, ಅದಂತೂ ಈಗ ಟಣ್ ಅನ್ನುತ್ತೆ.”

“ಮಾಮ...” ಅವಳ ದನಿ ಕೀರಲಾಯಿತು. “ಅವರು ನೋಡೋಕೆ ಬರ್ತಿರೋದೇ ಮುರಿದಿರೋದನ್ನ! ಮುರಿದಿಲ್ಲ ಅಂದ್ರೆ ಅಗತ್ಯ ಇಲ್ಲ. ಅಗತ್ಯ ಇಲ್ಲ ಅಂದ್ರೆ ನಲವತ್ತಕ್ಕೆ ಸೊನ್ನೆ. ನಾನು ಸುಳ್ಳು ಬರೆದೆ ಅಂತ ಬೇರೆ ಆಗುತ್ತೆ!”

ಮೆಟ್ಟಿಲಪ್ಪ ಅಲ್ಲೇ ಗೋಡೆಗೆ ಒರಗಿದ. ಅಡುಗೆಮನೆಯಿಂದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಈಚೆ ಬಂದು, ತಮ್ಮನ ಬೊಬ್ಬೆ ಎದ್ದ ಅಂಗೈ ತಿರುಗಿಸಿ ನೋಡಿ, ಎಣ್ಣೆ ಹಚ್ಚಿದಳು. “ಹೋಗಲಿ ಬಿಡೇ,” ಎಂದಳು ಮಗಳಿಗೆ. “ನನಗೆ ಬುಡವೇ ಸಾಕು.” ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೆ ಮಾಮ ಮತ್ತು ಸೋದರಸೊಸೆ ಹಾರೆ ಹೊತ್ತು ಗುಡ್ಡ ಹತ್ತಿದರು. ಕಟ್ಟಿದ್ದನ್ನು ಕೆಡವಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದೊಂದು ಗಾದೆ ಇದೆಯಲ್ಲ, ಅದನ್ನು ನಂಬಿಕೊಂಡು ಹೊರಟಿದ್ದರು.

ನೂರ ಅರವತ್ತನೆಯ ಮೆಟ್ಟಿಲು, ಅದೇ ಏಳನೆಯ ಫೋಟೋದ್ದು. ಮೆಟ್ಟಿಲಪ್ಪ ಸಂದಿಗೆ ಹಾರೆಯ ಮೊನೆ ಇಟ್ಟ. ಇಟ್ಟು ನಿಂತ. ಅಂಗೈ ಒರೆಸಿಕೊಂಡು ಮತ್ತೆ ಹಿಡಿದ. ಆಮೇಲೆ ಹಾರೆಯನ್ನು ಮಲಗಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟ.

“ನನ್ನ ಕೈಯಲ್ಲಿ ಆಗಲ್ಲ ಪುಟ್ಟಿ. ನಾಳೆ ಇದರ ಮೇಲೆ ಯಾರಾದ್ರೂ ಕಾಲಿಟ್ಟು ಬಿದ್ರೆ?”

“ಎರಡೇ ಎರಡು ಮಾಮ. ಅವರು ನೋಡಿ ಹೋದ ತಕ್ಷಣ ಸರಿ ಮಾಡು. ಅಮ್ಮನಿಗೋಸ್ಕರ.”

“ನಿಮ್ಮಮ್ಮನಿಗೆ ಗೊತ್ತಾದ್ರೆ ಇದೇ ಹಾರೇಲಿ ನನಗೆ ಹೊಡೀತಾಳೆ.”

“ಏಳು, ನಾನೇ ಮಾಡ್ತೀನಿ,” ಎಂದು ಅವಳು ಹಾರೆ ಕಸಿದುಕೊಂಡಳು. ಸಂದಿಗೆ ಹಾಕಿ ಮೀಟಿದಳು. ಹಲ್ಲು ಕಚ್ಚಿ ಮೀಟಿದಳು. ಹಾರೆಯ ಮೇಲೆ ತನ್ನ ಇಡೀ ಭಾರ ಹಾಕಿ ಜೋತುಬಿದ್ದಳು. ಹಾರೆ ಜಾರಿ ಅವಳೇ ಹಿಂದಕ್ಕೆ ಕೂತಳೇ ಹೊರತು ಕಲ್ಲು ಕೂದಲೆಳೆಯಷ್ಟೂ ಮಿಸುಕಲಿಲ್ಲ.

“ಅಲ್ಲಾಡ್ತಾನೇ ಇಲ್ಲ!”

“ಹೇಗೆ ಅಲ್ಲಾಡುತ್ತೆ?” ಎಂದ ಮೆಟ್ಟಿಲಪ್ಪ. ಎದೆಯಲ್ಲಿ ಇಷ್ಟು ಸಂಕಟವಿದ್ದರೂ ಆ ಮಾತಿನಲ್ಲಿ ಜಂಭ ಇಣುಕಿತು. ಮನುಷ್ಯ ಏನು ಮಾಡಿಯಾನು, ಕಸುಬು ಹಾಗೆ ಮಾತಾಡಿಸುತ್ತದೆ.

“ಏನು ನಡೀತಾ ಇದೆ ಇಲ್ಲಿ?”

ಇಬ್ಬರೂ ತಿರುಗಿದರು. ಐದಾರು ಮೆಟ್ಟಿಲು ಕೆಳಗೆ ಒಬ್ಬ ಹೆಂಗಸು ನಿಂತಿದ್ದರು. ಐವತ್ತು ದಾಟಿದ ವಯಸ್ಸು, ತಲೆಗೆ ಬಟ್ಟೆಯ ಟೋಪಿ, ಹೆಗಲಿಗೆ ಚೀಲ, ಕೈಯಲ್ಲಿ ಆ ಹನ್ನೊಂದು ಫೋಟೋ. ಕಚೇರಿಯವರು ಸಿಂಗರಿಸಿ ತೋರಿಸುವ ಮೊದಲು ಜಾಗವನ್ನು ಒಬ್ಬರೇ ನಡೆದು ನೋಡುವುದು ಆ ಅಧಿಕಾರಿಯ ಪದ್ಧತಿ ಎಂದು ಆಮೇಲೆ ತಿಳಿಯಿತು. ಪುಟ್ಟಿ ಹಾರೆಯನ್ನು ಬೆನ್ನ ಹಿಂದೆ ಅಡಗಿಸಲು ನೋಡಿದಳು. ಐದಡಿಯ ಹಾರೆ ಬೆನ್ನ ಹಿಂದೆ ಅಡಗುವುದಿಲ್ಲ.

ಮೆಟ್ಟಿಲಪ್ಪ ಎದ್ದು ನಿಂತ. “ಈ ಮೆಟ್ಟಿಲು ಕೆಡವೋಕೆ ಬಂದಿದ್ವಿ ಮೇಡಂ. ಆಗ್ಲಿಲ್ಲ.”

ಪುಟ್ಟಿ ಕಣ್ಣು ಮುಚ್ಚಿಕೊಂಡಳು. ಅಧಿಕಾರಿ ಏಳನೆಯ ಫೋಟೋ ತೆಗೆದು ಮೆಟ್ಟಿಲಿನ ಪಕ್ಕ ಹಿಡಿದು ನೋಡಿದರು. “ಇದೇನಾ ಅದು?”

“ಅದೇ. ಫೋಟೋ ಸುಳ್ಳಲ್ಲ. ಮಳೆಗೆ ಕಿತ್ತು ಬಂದಿತ್ತು. ನಾನೇ ಸರಿ ಮಾಡಿದೆ.”

“ಯಾವಾಗ?”

“ಈ ನಾಲ್ಕು ದಿನದಲ್ಲಿ. ನೀವು ಬರ್ತೀರಿ ಅಂದ್ರು, ಅದಕ್ಕೆ.”

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಇಪ್ಪತ್ತು ವರ್ಷ ಪರಿಶೀಲನೆ ಮಾಡಿದವರು. ಮುರಿಯದ್ದನ್ನು ಮುರಿದಿದೆ ಎಂದು ತೋರಿಸುವವರನ್ನು ಸಾಕಷ್ಟು ನೋಡಿದ್ದರು. ಮುರಿದದ್ದನ್ನು ತಾವು ಬರುತ್ತೇವೆಂದು ರಿಪೇರಿ ಮಾಡಿಟ್ಟವನನ್ನು ನೋಡಿದ್ದು ಇದೇ ಮೊದಲು. ನಗು ಬಂತು, ತಡೆದುಕೊಂಡರು.

“ನೋಡಿ, ನಾನು ಕಣ್ಣಿಗೆ ಕಂಡದ್ದನ್ನೇ ಬರೀಬೇಕು. ಇಷ್ಟು ಗಟ್ಟಿ ಮೆಟ್ಟಿಲಿರುವಾಗ ಅಗತ್ಯಕ್ಕೆ ಅಂಕ ಹಾಕೋಕೆ ಬರಲ್ಲ. ನಿಯಮ ನಿಯಮವೇ.”

“ಸರಿ ಮೇಡಂ,” ಎಂದ ಅವನು.

ಉಳಿದ ಮೆಟ್ಟಿಲುಗಳನ್ನೂ ತುದಿಯವರೆಗೆ ಹತ್ತಿ ನೋಡಿದ ಮೇಲೆ ಮೂವರೂ ಇಳಿಯತೊಡಗಿದರು. ಮೆಟ್ಟಿಲಪ್ಪನ ಕೋಲು ಅಭ್ಯಾಸ ಬಲದಿಂದ ಪ್ರತಿ ಮೆಟ್ಟಿಲಿಗೂ ಒಂದೊಂದು ಏಟು ಹಾಕುತ್ತಿತ್ತು. ಅಧಿಕಾರಿ ಅದೇನೆಂದು ಕೇಳಿದರು, ಅವನು ಸೊರಗಿದ ದನಿಯಲ್ಲೇ ಟಣ್, ಡಬ್ ವಿವರಿಸಿದ. ಆಮೇಲೆ ಅವರು ಕೋಲು ಇಸಿದುಕೊಂಡು ತಾವೇ ತಟ್ಟುತ್ತಾ ಇಳಿದರು. ಇಳಿದಷ್ಟೂ ಟಣ್ ಬಿಟ್ಟು ಬೇರೆ ಸದ್ದಿಲ್ಲ.

ಬುಡಕ್ಕೆ ಬರುವಾಗ ಎಂಟು ಗಂಟೆ. ಕೆಳಗಿನ ಪಾರ್ಟಿ ಜಮಾಯಿಸಿತ್ತು. ಟೈಲರ್, ಡ್ರೈವರ್, ಅವಳಿಗಳ ತಾಯಿ, ನಡುವೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಕ್ಕ. ದಾರಿ ಬಿಡಲು ಎಲ್ಲರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ಆಗ ಮೊದಲ ಮೆಟ್ಟಿಲು ಕಂಡಿತು. ಅಧಿಕಾರಿ ನಿಂತರು.

“ನಾನೂರ ಹನ್ನೊಂದು ಸರಿ ಇಟ್ಟಿದ್ದೀರಿ. ಇದೊಂದನ್ನ ಯಾಕೆ ಬಿಟ್ರಿ?”

“ಅದನ್ನ ಮುಟ್ಟೋ ಹಾಗಿಲ್ಲ ಮೇಡಂ.”

“ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದೆ,” ಎಂದಳು ಅಕ್ಕ. ಬಂದವರು ಯಾರು ಎಂದು ಅವಳಿಗೆ ಗೊತ್ತಾಗಿತ್ತು. ಗೊತ್ತಾದರೂ ದನಿ ತಗ್ಗಿಸುವ ಅಭ್ಯಾಸ ಅವಳಿಗಿರಲಿಲ್ಲ.

ಅಧಿಕಾರಿ ಬಗ್ಗಿ ಆ ಹಳ್ಳದ ಮೇಲೆ ಕೈಯಾಡಿಸಿದರು. ಮೇಲಿನ ಮೆಟ್ಟಿಲುಗಳು ಸವೆದದ್ದು ನಡುವಿನಲ್ಲಿ, ಪಾದದ ಅಗಲಕ್ಕೆ. ಇದು ಅಂಚಿನುದ್ದಕ್ಕೂ, ನಾಲ್ಕು ಜನ ಕೂರುವಷ್ಟು ಅಗಲಕ್ಕೆ ಸವೆದಿತ್ತು. “ಇದು ಕಾಲಿಂದ ಸವೆದಿದ್ದಲ್ಲ,” ಎಂದರು.

“ಕೂತು ಸವೆಸಿದ್ದು,” ಎಂದ ಮೆಟ್ಟಿಲಪ್ಪ. “ಹತ್ತೋಕೆ ಆಗದವರು.”

“ದಿನಾ ಬರ್ತೀರಾ?” ಎಂದು ಅವರು ಅಕ್ಕನನ್ನು ಕೇಳಿದರು.

“ದಿನಾ. ಹನ್ನೊಂದು ವರ್ಷ ಆಯ್ತು.”

“ಮೇಲೆ ಹೋಗಿದ್ದೀರಾ ಯಾವಾಗಲಾದ್ರೂ?”

ಅಕ್ಕ ತಮ್ಮನ ಕಡೆ ಕೈ ತೋರಿಸಿದಳು. “ಇವನನ್ನ ಸೊಂಟದ ಮೇಲೆ ಹೊತ್ಕೊಂಡು ಹೋಗಿದ್ದೆ. ಆಗ ಮೆಟ್ಟಿಲೇ ಇರ್ಲಿಲ್ಲ. ಈಗ ನಾನೂರ ಹನ್ನೆರಡು ಇವೆ, ನನಗೆ ಒಂದೂ ಹತ್ತೋಕೆ ಆಗಲ್ಲ.”

ಅಧಿಕಾರಿ ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದರು. ಆಮೇಲೆ ಆ ಹಳ್ಳದಲ್ಲಿ ತಾವೇ ಕೂತು, ಚೀಲದಿಂದ ಮೂವತ್ತೆಂಟು ಪುಟಗಳನ್ನು ತೆಗೆದು ಮೊದಲಿಂದ ಕೊನೆಯವರೆಗೆ ಮಗುಚಿದರು. “ಇವರ ಬಗ್ಗೆ ಒಂದು ಸಾಲೂ ಇಲ್ವಲ್ಲ ಇದರಲ್ಲಿ? ಪೂರ್ತಿ ಮೆಟ್ಟಿಲಿನ ಕಥೆಯೇ ಇದೆ. ಬರೆದವರು ಯಾರು?”

ಪುಟ್ಟಿಯ ಮುಖ ಇಳಿದುಹೋಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವಳ ಕಥೆ. ಅಮ್ಮನಿಗೋಸ್ಕರವೇ ಬರೆದ ಅರ್ಜಿ. ಅಂಕದ ಹಿಂದೆ ಓಡುವ ಭರದಲ್ಲಿ ಅಮ್ಮನೇ ಅದರೊಳಗೆ ಇರಲಿಲ್ಲ. “ನಾನೇ ಮೇಡಂ,” ಎಂದಳು. “ಇವರು ನಮ್ಮಮ್ಮ.” ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು.

ಅಧಿಕಾರಿ ಪುಟಗಳನ್ನು ಚೀಲಕ್ಕೆ ಸೇರಿಸಿದರು. ಆಮೇಲೆ ಎದ್ದು, ಆ ಕಲ್ಲಿನ ಒಂದು ಫೋಟೋ ತೆಗೆದುಕೊಂಡರು. “ಇದು ಹನ್ನೆರಡನೇದು. ಹತ್ತು ದಿನದೊಳಗೆ ಪೂರಕ ಪುಟ ಸೇರಿಸೋಕೆ ಅವಕಾಶ ಇದೆ. ಒಂದೇ ಪುಟ. ನಾನು ಮಾತು ಕೊಡಲ್ಲ. ಅಂಕ ಹಾಕೋರು ಇನ್ನೂ ಮೂರು ಜನ ಇದ್ದಾರೆ.” ಹೊರಡುವಾಗ ಮೆಟ್ಟಿಲಪ್ಪನ ಕೋಲು ವಾಪಸು ಕೊಟ್ಟು, “ಆ ಹಾರೇನ ಜೋಪಾನವಾಗಿಡಿ, ಆದ್ರೆ ಇವರ ಕೈಗೆ ಕೊಡಬೇಡಿ,” ಎಂದು ಪುಟ್ಟಿಯನ್ನು ತೋರಿಸಿದರು.

ಪುಟ್ಟಿ ಆ ಒಂದು ಪುಟಕ್ಕೆ ಒಂಬತ್ತು ದಿನ ತೆಗೆದುಕೊಂಡಳು. ಮೂವತ್ತೆಂಟು ಪುಟ ಬರೆದಾಗ ಅಷ್ಟು ಬೆವರಿರಲಿಲ್ಲ. ದಿನಾ ಬೆಳಿಗ್ಗೆ ಮೊದಲ ಮೆಟ್ಟಿಲಲ್ಲಿ ಕೂತು, ಯಾರು ಬಂದರು, ಯಾಕೆ ಬಂದರು, ಯಾಕೆ ಹತ್ತಲಿಲ್ಲ ಎಂದು ಕೇಳಿ ಬರೆದಳು. ಅಮ್ಮನದನ್ನು ಕೊನೆಗೆ ಬರೆದಳು, ಎರಡೇ ಸಾಲು.

ಉತ್ತರ ಬರಲು ಏಳು ತಿಂಗಳಾಯಿತು. ಸರ್ಕಾರದ ಕೆಲಸ ದೇವರ ಕೆಲಸವಂತೆ, ಇಬ್ಬರಿಗೂ ಅವಸರವಿಲ್ಲ. ಅನುದಾನ ಬಂತು, ಆದರೆ ಕತ್ತರಿ ಆಡಿಸಿಕೊಂಡು ಬಂತು. ಸುತ್ತುದಾರಿಗೆ ಒಪ್ಪಿಗೆ ಇತ್ತು. ಮೇಲೆ ಹಾಕಬೇಕೆಂದಿದ್ದ ಆರು ಬೆಂಚುಗಳನ್ನು ಕೆಂಪು ಗೆರೆ ಎಳೆದು ಹೊಡೆದುಹಾಕಿದ್ದರು. ಮೆಟ್ಟಿಲಪ್ಪ ಕುಣಿದಾಡಲಿಲ್ಲ. ಗುಡ್ಡದ ಹಿಂದಕ್ಕೆ ಹೋಗಿ, ಆ ದೊಡ್ಡ ಮರಕ್ಕೆ ಒರಗಿ ಒಬ್ಬನೇ ಅತ್ತು ಬಂದ. ಮುಖ ತೊಳೆದಿದ್ದರೂ ಅಕ್ಕನಿಗೆ ಗೊತ್ತಾಯಿತು.

ಕಂಟ್ರಾಕ್ಟರನ ಜನ ಕೆಲಸ ಮುಗಿಸಲು ಒಂದು ವರ್ಷ ಹಿಡಿಯಿತು. ಮೆಟ್ಟಿಲಪ್ಪನ ತಪಾಸಣೆಯಿಂದಾಗಿ ಮೂರು ತಿಂಗಳು ಹೆಚ್ಚೇ ಹಿಡಿಯಿತು ಎಂದು ಕಂಟ್ರಾಕ್ಟರ್ ಹೇಳುತ್ತಾನೆ, ಅದರಲ್ಲಿ ಸುಳ್ಳಿಲ್ಲ. ಮರ ಉಳಿಯಿತು. ಕೊನೆಯಲ್ಲಿ ಒಂದು ತೊಡಕು ಬಂತು: ಸುತ್ತುದಾರಿಯ ಬಾಯಿ ತೆರೆಯಲು ಮೊದಲನೆಯ ಮೆಟ್ಟಿಲನ್ನು ತೆಗೆಯಲೇಬೇಕು. ಕಂಟ್ರಾಕ್ಟರ್ ಅದನ್ನು ಒಡೆದು ಜಲ್ಲಿ ಮಾಡೋಣ ಎಂದ. ಮೆಟ್ಟಿಲಪ್ಪ ಅವನನ್ನು ಹೇಗೆ ನೋಡಿದನೆಂದರೆ, ಆತ ಮುಂದೆ ಆ ಕಲ್ಲಿನ ಸುದ್ದಿಗೇ ಹೋಗಲಿಲ್ಲ.

ದಾರಿ ತೆರೆಯುವ ಹಿಂದಿನ ದಿನ ನಾಲ್ಕು ಜನ ಸೇರಿ ಆ ಕಲ್ಲನ್ನು ಎಬ್ಬಿಸಿದರು. ಮೆಟ್ಟಿಲಪ್ಪ ಅದನ್ನು ನಾಲ್ಕು ಗಾಲಿಯ ತಳ್ಳುಗಾಡಿಗೆ ಏರಿಸಿದ. ನಿವೃತ್ತಿಗೆ ಇನ್ನು ಹನ್ನೊಂದು ದಿನ ಇತ್ತು. ಹೊಸ ದಾರಿಯಲ್ಲಿ ಮೊದಲು ಉರುಳಿದ್ದು ಆ ಗಾಡಿ.

ಬೆಳಿಗ್ಗೆ ಕೆಳಗಿನ ಪಾರ್ಟಿ ಬಂದು ನೋಡಿದರೆ ಕೂರಲು ಜಾಗವಿಲ್ಲ. ಟೈಲರ್ ಕೋಲಿನಿಂದ ನೆಲ ತಡವಿದ. ಡ್ರೈವರ್ ಗರಂ ಆದ. “ಏನಯ್ಯಾ ಮೆಟ್ಟಿಲಪ್ಪ, ಇದ್ದದ್ದೊಂದು ಕಲ್ಲು. ಅದನ್ನೂ ನುಂಗಿಬಿಟ್ರಾ?”

“ಮೇಲಿದೆ. ಬನ್ನಿ,” ಎಂದ ಮೆಟ್ಟಿಲಪ್ಪ.

ಅವಳಿಗಳ ಗಾಡಿ ಮುಂದೆ, ಅದನ್ನು ಹಿಡಿದು ಟೈಲರ್, ಹಿಂದೆ ತಿರುವಿಗೊಮ್ಮೆ ನಿಂತು ಎದೆ ನೀವಿಕೊಳ್ಳುತ್ತಾ ಡ್ರೈವರ್. ಎಲ್ಲರಿಗಿಂತ ಕೊನೆಗೆ, ಆಸ್ಪತ್ರೆಯಿಂದ ಎರವಲು ತಂದ ಗಾಲಿಕುರ್ಚಿಯಲ್ಲಿ ಅಕ್ಕ. ಕೂರಿಸುವಾಗ ಬೈದಳು, ಹೊರಟ ಮೇಲೆ ಬೈದಳು, ಮೊದಲ ತಿರುವು ದಾಟಿದ ಮೇಲೆ ಸುಮ್ಮನಾದಳು. ಮರದ ಹತ್ತಿರ ಮೆಟ್ಟಿಲಪ್ಪನಿಗೆ ಉಸಿರು ಕಟ್ಟತೊಡಗಿತು. ಪುಟ್ಟಿ ನಾನು ತಳ್ಳುತ್ತೇನೆ ಎಂದರೂ ಅವನು ಕೈಬಿಡಲಿಲ್ಲ.

“ಇನ್ನೆಷ್ಟು ದೂರಾನೋ?” ಎಂದಳು ಅಕ್ಕ.

“ಬಂದೇ ಬಿಡ್ತು ಕಣಕ್ಕ, ಬಂದೇ ಬಿಡ್ತು.”

ಅವಳು ತಿರುಗಿ ಅವನ ಮುಖ ನೋಡಿದಳು. ಮತ್ತೆ ಮುಂದಕ್ಕೆ ತಿರುಗಿದಳು.

ಬಂಡೆಯ ಮೇಲೆ, ಕೆರೆ ಪೂರ್ತಿ ಕಾಣುವ ಕಡೆಗೆ ಮುಖ ಮಾಡಿ, ಆ ಸವೆದ ಕಲ್ಲನ್ನು ಎರಡು ತುಂಡುಗಲ್ಲುಗಳ ಮೇಲೆ ಕೂರಿಸಿದ್ದ. ಮಂಡಿ ಮಡಚಲು ಕಷ್ಟವಾಗದಷ್ಟು ಎತ್ತರಕ್ಕೆ, ಅಳತೆ ನೋಡಿಯೇ ಇಟ್ಟಿದ್ದ. ಅಕ್ಕ ಕುರ್ಚಿಯಿಂದ ಎದ್ದಳು. ಮಗಳ ಕೈ ಹಿಡಿದು ನಾಲ್ಕು ಹೆಜ್ಜೆ ನಡೆದು ತನ್ನ ಜಾಗದಲ್ಲಿ ಕೂತಳು. ಗಾಳಿ ಬೀಸುತ್ತಿತ್ತು. ಅವಳು ಕೆರೆಯ ಕಡೆ ಬಹಳ ಹೊತ್ತು ನೋಡಿದಳು. ಮೆಟ್ಟಿಲಪ್ಪ ಹಿಂದೆ ನಿಂತು, ಏನು ಮಾಡಲೂ ತೋಚದೆ, ಕೋಲಿನಿಂದ ಕಲ್ಲಿನ ಮೂಲೆಗೆ ಒಂದು ಏಟು ಹಾಕಿದ. ಟಣ್ ಎಂದಿತು.

“ಸಾಕು ಬಾರೋ, ಗಟ್ಟಿಯಾಗೇ ಇದೆ,” ಎಂದು ಅಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಅವನು ಬಂದು ಕೂತ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು: “ಅವತ್ತು ನೀನು ಏನು ಭಾರ ಇದ್ದೆ ಅಂತೀಯ! ಅರ್ಧ ದಾರೀಲೇ ಇಳಿಸಿಬಿಡೋಣ ಅಂತಿದ್ದೆ. ಇಳಿಸದೇ ಇದ್ದದ್ದು ಒಳ್ಳೇದಾಯ್ತು.”